ಅತ್ತೆಯ ಡಬ್ಬಿಯಲ್ಲಿ ಯಾರೋ ಇದ್ದಾರೆ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಅತ್ತೆಯ ಮನೆಗೆ ಹೋಗುವವರು ತಮ್ಮ ನೆರಳನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಹೋಗುವುದು ಒಳ್ಳೆಯದು. ಒಳಗೆ ಅದಕ್ಕೆ ಏನೂ ಕೆಲಸವಿರುವುದಿಲ್ಲ. ಬಂದವರು ಕೇಳಿದರೆ ಮಾತ್ರ ಆ ಮನೆಯಲ್ಲಿ ದೀಪ ಹಚ್ಚುತ್ತಾರೆ; ಕೇಳುವುದಕ್ಕೆ ಧೈರ್ಯ ಬೇಕು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹುಟ್ಟುಗುರುಡಿ. ಅಂಧ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಒಬ್ಬಳೇ ಇರುತ್ತಾಳೆ. ಬಿಸಿಲು ಒಳಗೆ ಬಂದರೆ ಕೂಲರಿನ ಗಾಳಿ ದಂಡ ಎಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿಸಿದ್ದಾಳೆ. ಹೊರಗೆ ಕಲಬುರಗಿಯ ಬಿಸಿಲು ಕಣ್ಣು ಕುಕ್ಕುತ್ತಿರುವಾಗ ಅವಳ ಹೊಸ್ತಿಲು ದಾಟಿದರೆ ಬಾವಿಗೆ ಇಳಿದಂತಾಗುತ್ತದೆ. ಮೊದಲು ಕೇಳಿಸುವುದು ಒಂದು ಸಣ್ಣ ಸದ್ದು. ಕಿರ್ರ್, ಕಿರ್ರ್. ಒಣಗಿದ ಎಲೆಯ ಮೇಲೆ ಯಾವುದೋ ಹುಳು ನಡೆದಂತೆ. ಅದರ ಹಿಂದೆಯೇ ಕತ್ತಲೊಳಗಿನಿಂದ ಒಬ್ಬ ಹೆಂಗಸು ತನ್ನಷ್ಟಕ್ಕೆ ನಕ್ಕ ಸದ್ದು.

ನಡು ಮಧ್ಯಾಹ್ನ ದೆವ್ವಗಳ ಹೊತ್ತು ಎಂದು ನಮ್ಮ ಕಡೆ ನಂಬಿಕೆ. ಗ್ಯಾಸ್ ಸಿಲಿಂಡರ್ ತಂದ ಹೊಸ ಮನುಷ್ಯನೊಬ್ಬ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತು ಈ ಸದ್ದನ್ನೂ ಈ ನಗೆಯನ್ನೂ ಕೇಳಿದ. ತುಂಬಿದ ಸಿಲಿಂಡರನ್ನು ಮೆಟ್ಟಿಲ ಮೇಲೆ ಬಿಟ್ಟು, ಖಾಲಿಯದನ್ನು ಒಯ್ಯದೆ, ಸಹಿಯನ್ನೂ ಕೇಳದೆ ಹೋದವನು ಮತ್ತೆ ಈ ಓಣಿಗೆ ಬರಲಿಲ್ಲ. ಅತ್ತೆಯ ದೂರು ಇಷ್ಟೇ: "ಸಿಲಿಂಡರ್ ಒಳಗ ತಂದಿಡೋ ಪುಣ್ಯಾತ್ಮ ಈ ಊರಾಗ ಒಬ್ಬನೂ ಉಳದಿಲ್ಲ ನೋಡು, ತಮ್ಮಾ."

ಸದ್ದು ಮಾಡುವುದು ಅವಳ ಡಬ್ಬಿ. ಬ್ರೈಲ್ ಲಿಪಿಯಲ್ಲಿ ಬರೆಯಲು, ತಿದ್ದಲು, ಓದಲು ಅಂಧರಿಗಾಗಿಯೇ ಮಾಡಿದ ಯಂತ್ರ ಅದು. ಪರದೆ ಇಲ್ಲ. ಆರು ಗುಂಡಿಗಳು, ನಡುವೆ ಒಂದು ಉದ್ದನೆಯದು, ಅಂಚಿನಲ್ಲಿ ಅಳಿಸಲು, ಹುಡುಕಲು, ಉಳಿಸಿಡಲು ಇನ್ನಷ್ಟು. ಗುಂಡಿಗಳ ಕೆಳಗೆ ಸಣ್ಣ ಸಣ್ಣ ತೂತುಗಳ ಒಂದು ಪಟ್ಟಿ. ಆ ತೂತುಗಳಿಂದ ಸಾಸಿವೆಗಿಂತ ಸಣ್ಣ ಮೊನೆಗಳು ಎದ್ದು ಅಕ್ಷರವಾಗುತ್ತವೆ. ಸಾಲು ಮುಗಿದೊಡನೆ ಎಲ್ಲ ಕಿರ್ರೆಂದು ಮುಳುಗಿ ಇನ್ನೊಂದು ಸಾಲಾಗಿ ಏಳುತ್ತವೆ. ಒಮ್ಮೆ ನಾನೂ ಬೆರಳಿಟ್ಟೆ. ಸತ್ತಿದೆ ಎಂದುಕೊಂಡ ಜೀರುಂಡೆ ಕಾಲಾಡಿಸಿದಂತಾಯಿತು. ಕೈ ತೆಗೆದುಬಿಟ್ಟೆ.

ಈ ಡಬ್ಬಿಯನ್ನು ಸೆರಗಿನ ಅಡಿಯಲ್ಲಿ ಇಟ್ಟುಕೊಂಡು ಓದಬಹುದು. ಮುಖ ನಿಮ್ಮ ಕಡೆಗೇ ಇರುತ್ತದೆ, ನಗೆಯೂ ನಿಮ್ಮ ಕಡೆಗೇ ಇರುತ್ತದೆ, ಮನಸ್ಸು ಮಾತ್ರ ಬೆರಳ ತುದಿಯಲ್ಲಿ ಬೇರೆಲ್ಲೋ ಹೋಗಿರುತ್ತದೆ. ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡ ಮರುದಿನ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಆ ಮೌನದಲ್ಲಿ ಅತ್ತೆ ಕಿಸಕ್ಕನೆ ನಕ್ಕಳು. ತೀರಿಕೊಂಡವರ ಹೆಂಡತಿ ನಿಧಾನವಾಗಿ ತಲೆ ಎತ್ತಿ, ಮೊಣಕಾಲಿನ ಮೇಲೆಯೇ ಸರಿದು ಬಂದು ಅತ್ತೆಯ ಕೈ ಹಿಡಿದರು.

"ಏನಂದ್ರು, ಅಕ್ಕೋರೆ?"

"ಯಾರು?"

"ನಮ್ಮ ಮನಿಯವ್ರು. ನಿಮಗೇನೋ ಅಂದ್ರು, ಅದಕ್ಕ ನಕ್ಕಿರಿ."

ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಬಂದವರಿಗೆ ಚಾ ಮಾಡು ಅಂದ್ರು."

ಆ ತಾಯಿ ಗೊಳೋ ಎಂದು ಅತ್ತು, ಎದ್ದುಹೋಗಿ ಒಲೆ ಹಚ್ಚಿದರು. ಒಲೆ ಹಚ್ಚಬಾರದ ಮನೆಯಲ್ಲಿ ಅಂದು ಎಲ್ಲರೂ ಚಹಾ ಕುಡಿದೆವು. ವಾಪಸ್ ಬರುವಾಗ ಆಟೋದಲ್ಲಿ ಕೇಳಿದೆ, ಸೆರಗಿನೊಳಗೆ ಏನು ಓದುತ್ತಿದ್ದೆ ಎಂದು. "ಮದುಮಗ ಕುದುರಿ ಮ್ಯಾಲಿಂದ ಬಿದ್ದಿದ್ದು ಕಮಲಾಪುರದ ಅಕ್ಕ ಕಥಿ ಹೇಳ್ಯಾಳಲ್ಲ, ಅದು," ಎಂದಳು. ಈಗ ಓಣಿಯಲ್ಲಿ ಯಾರು ತೀರಿಕೊಂಡರೂ ಮೊದಲು ಅತ್ತೆಗೆ ಹೇಳಿಕಳಿಸುತ್ತಾರೆ.

ಡಬ್ಬಿ ಬರುವ ಮುಂಚೆ ಅವಳು ದಪ್ಪ ಕಾಗದಕ್ಕೆ ಮೊಳೆಯಂಥ ಕಡ್ಡಿಯಿಂದ ಚುಚ್ಚಿ ಬರೆಯುತ್ತಿದ್ದಳು. ತಪ್ಪು ಚುಚ್ಚಿದರೆ ತೂತು ಶಾಶ್ವತ. ಡಬ್ಬಿಯಲ್ಲಿ ಅಳಿಸಬಹುದು ಎಂದು ಗೊತ್ತಾದ ಮೇಲೆ ಮನುಷ್ಯರ ಮಾತನ್ನೂ ಅಳಿಸಲು ಶುರುಮಾಡಿದಳು. ಪಕ್ಕದ ಮನೆಯ ನಿವೃತ್ತ ಅಧಿಕಾರಿಯೊಬ್ಬರು ಒಂದು ಮಧ್ಯಾಹ್ನ ಮಾತಾಡಿಸಲು ಬಂದು, ಎರಡು ಸಲ ಸುತ್ತ ನೋಡಿ, ಎದ್ದು ನಿಂತರು.

"ಬರ್ತೀನ್ರಿ, ಜರಾ ಕೆಲಸ ಅದ."

"ಅದನ್ನ ಅಳಿಸ್ರಿ. ನಿಮಗೇನು ಕೆಲಸ ಇಲ್ಲ. ಖರೇದ್ದು ಹೇಳ್ರಿ."

ಅವರು ಒದ್ದಾಡಿ ಕೊನೆಗೆ ಅಂದರು: "ಇಲ್ಲಿ ಕೂಡಲಾಕ ಅಂಜಿಕಿ ಆಗ್ತದ್ರೀ."

"ಹಾಂ, ಈಗ ಬರೋಬರ್ ಆಯ್ತು. ಹೋಗಿ ಬರ್ರಿ."

ಭಾನುವಾರ ಮಾತ್ರ ಅತ್ತೆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತುತ್ತಾಳೆ. ಕಮಲಾಪುರದಲ್ಲಿ ಅವಳ ಅಕ್ಕ, ಅಂದರೆ ನನ್ನ ದೊಡ್ಡತ್ತೆ, ಮಗ ಸೊಸೆಯ ಜೊತೆ ಇದ್ದಾಳೆ. ಬಾಳೆಯ ತೋಟದಿಂದ ಇಳಿಸಿದ ಕೆಂಪು ಗೊನೆಗಳಲ್ಲಿ ಯಾವುದು ಯಾವಾಗ ಹಣ್ಣಾಗುತ್ತದೆ ಎನ್ನುವುದನ್ನು ದೂರದಿಂದಲೇ ಹೇಳುವ ಕಣ್ಣು ಅವಳದು. ಆದರೆ ಅಕ್ಷರ ಬಾರದು. ದೊಡ್ಡತ್ತೆ ಹಳೆಯ ಕಥೆಗಳನ್ನು ಹೇಳುತ್ತಾಳೆ, ಅತ್ತೆ ಡಬ್ಬಿಯಲ್ಲಿ ಬರೆದುಕೊಂಡು ಮುಂದಿನ ಭಾನುವಾರ ಓದಿ ಹೇಳುತ್ತಾಳೆ. ಜಗಳ ಆಗ ಶುರುವಾಗುತ್ತದೆ.

"ನಾ ಹಂಗ ಹೇಳೇ ಇಲ್ಲ. ನಮ್ಮ ಬಾವಿಗಿ ಮೆಟ್ಟಲ ಎಲ್ಲಿದ್ದು?"

"ಹೋದ ವಾರ ಇದ್ದು."

"ಹೋದ ವಾರ ನನಗ ಜ್ವರ ಇತ್ತು, ಹುಡುಗಿ."

ಅತ್ತೆ ಮೆಟ್ಟಿಲುಗಳನ್ನು ಅಳಿಸುತ್ತಾಳೆ. ಅರವತ್ತು ದಾಟಿದವಳನ್ನು ಹುಡುಗಿ ಎನ್ನುವವಳು ಜಗತ್ತಿನಲ್ಲಿ ದೊಡ್ಡತ್ತೆ ಒಬ್ಬಳೇ.

ಒಂದು ಮಾತನ್ನು ಇಲ್ಲಿ ನಗದೆ ಹೇಳಬೇಕು. ಬಸ್ಸಿನ ಬೋರ್ಡು, ಕರೆಂಟಿನ ಬಿಲ್ಲು, ಔಷಧಿಯ ಚೀಟಿ, ಎಲ್ಲವನ್ನೂ ಅತ್ತೆಗೆ ಬೇರೆಯವರು ಓದಿ ಹೇಳುತ್ತಾರೆ. ಶಾಲೆ ಬಿಟ್ಟ ಮೇಲೆ ಅವಳು ಇನ್ನೊಬ್ಬರಿಗೆ ಓದಿ ಹೇಳುವ ಜಾಗ ಉಳಿದದ್ದು ಕಮಲಾಪುರದ ಆ ಪಡಸಾಲೆ ಒಂದೇ.

ಆ ಪಡಸಾಲೆಯಲ್ಲೇ ಅದು ನಡೆಯಿತು. ಕೆಲವು ದಿನಗಳಿಂದ ಅತ್ತೆ "ಡಬ್ಬಿ ಅಕ್ಷರ ತಿನ್ನಾಕತ್ತದ" ಎಂದು ಗೊಣಗುತ್ತಿದ್ದಳು. ಅಂದು ಓದುತ್ತಿದ್ದದ್ದು ದೊಡ್ಡತ್ತೆ ಮದುವೆಯಾಗಿ ಎತ್ತಿನ ಬಂಡಿಯಲ್ಲಿ ಗಂಡನ ಮನೆಗೆ ಬಂದ ಕಥೆ. ಬೆರಳು ಪಟ್ಟಿಯ ಮೇಲೆ ಹೋಯಿತು, ತಡೆಯಿತು, ಮತ್ತೆ ಹೋಯಿತು. ಅತ್ತೆ ಓದಿದಳು: "ಬಂಡಿ ಊರು ಮುಟ್ಟಿತು. ಒಳಗೆ ಯಾರೂ ಇರಲಿಲ್ಲ."

ದೊಡ್ಡತ್ತೆ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದಳು. "ಬಂಡ್ಯಾಗ ನಾ ಇದ್ದೆನಲ್ಲ."

"ಇಲ್ಲಿ ಹಂಗೇ ಅದ."

"ನಾ ಹೇಳಿಲ್ಲ. ನೀ ಬರದಿಲ್ಲ. ಮತ್ತ ಬರದವರು ಯಾರು?"

ಮೂವರೂ ಡಬ್ಬಿಯ ಕಡೆ ತಿರುಗಿದೆವು. ಅದು ಕಿರ್ರೆಂದು ಮುಂದಿನ ಸಾಲು ಎಬ್ಬಿಸಿತು.

"ಇದರಾಗ ಯಾರೋ ಹೊಕ್ಕಾರ," ಎಂದು ದೊಡ್ಡತ್ತೆ ತೀರ್ಪು ಕೊಟ್ಟು, ದೇವರ ಜಗುಲಿಯಿಂದ ವಿಭೂತಿ ತಂದು ಅದರ ಹಣೆಗೆ, ಹಣೆ ಎಲ್ಲಿದೆ ಎಂದು ಅವಳಿಗೆ ಹೇಗೆ ಗೊತ್ತಾಯಿತೋ, ಮೂರು ಬೆರಳಿನಲ್ಲಿ ಎಳೆದಳು. ಒಂದು ನಿಂಬೆಹಣ್ಣನ್ನೂ ದಾರದಲ್ಲಿ ಕಟ್ಟಿದಳು.

ಮರುದಿನ ಸೂಪರ್ ಮಾರ್ಕೆಟ್ಟಿನ ಹಿಂದೆ ಮೊಬೈಲ್, ರೇಡಿಯೋ ರಿಪೇರಿ ಮಾಡುವವನ ಅಂಗಡಿಗೆ ಅತ್ತೆಯನ್ನೂ ಡಬ್ಬಿಯನ್ನೂ ಕರೆದುಕೊಂಡು ಹೋದೆ. ಆತ ನಿಂಬೆಹಣ್ಣನ್ನು ಹಿಡಿದು, "ಇದು ಕಂಪನಿದೇ ಏನ್ರೀ?" ಎಂದ. ಬ್ರಷ್ಷಿನಿಂದ ವಿಭೂತಿ ತೆಗೆದು, ಬಿಚ್ಚಿ, ಊದಿ, ಮತ್ತೆ ಜೋಡಿಸಿದ. ಡಬ್ಬಿಗೆ ದನಿಯೂ ಇದೆ, ಅತ್ತೆ ಅದನ್ನು ಯಾವಾಗಲೂ ಬಂದ್ ಮಾಡಿಟ್ಟಿರುತ್ತಾಳೆ. ಆತ ಅದನ್ನು ಚಾಲೂ ಮಾಡಿದ. ಏರಿಳಿತವಿಲ್ಲದ ಯಾವುದೋ ಹೆಣ್ಣುದನಿ ಆ ಗದ್ದಲದಲ್ಲಿ ಹೇಳತೊಡಗಿತು: "ಬಂಡಿ ಊರು ಮುಟ್ಟಿತು. ನಾನು ಇಳಿದು ಮನೆ ಹೊಕ್ಕೆ. ಎಲ್ಲರೂ ಹೊಲಕ್ಕೆ ಹೋಗಿದ್ದರು. ಒಳಗೆ ಯಾರೂ ಇರಲಿಲ್ಲ."

ಸಾಲುಗಳೆಲ್ಲ ಇದ್ದವು. ಯಾರೂ ಏನನ್ನೂ ತಿಂದಿರಲಿಲ್ಲ.

"ಅಮ್ಮಾ, ಮಷಿನ್ ಬಿಲ್ಕುಲ್ ಠೀಕ್ ಅದರೀ," ಎಂದ ಆತ.

"ದನಿ ಠೀಕ್ ಇರಬಹುದು. ಚುಕ್ಕಿ ಏಳವಲ್ಲವು. ನೋಡ್ರಿ ಇಲ್ಲಿ," ಎಂದು ಅತ್ತೆ ತೋರುಬೆರಳನ್ನು ಪಟ್ಟಿಯ ಮೇಲೆ ಇಟ್ಟಳು. "ನೋಡ್ರಿ. ಖಾಲಿ."

ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಅವಳ ಬೆರಳಿನ ಎಡಕ್ಕೂ ಬಲಕ್ಕೂ ಚುಕ್ಕೆಗಳು ಎದ್ದು ನಿಂತಿದ್ದವು. ಬೆರಳು ಸರಿದಲ್ಲಿ, ಅದರ ಅಡಿಯಿಂದಲೂ ಚುಕ್ಕೆಗಳು ಹೊರಬಂದವು. ಒಂದೂ ಮುಳುಗಿರಲಿಲ್ಲ. ರಿಪೇರಿಯವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

"ಯಾಕ ಸುಮ್ಮನಾದ್ರಿ ಇಬ್ಬರೂ?" ಎಂದಳು ಅತ್ತೆ.

ಕುರುಡರಿಗೆ ಮೌನದ ಅರ್ಥ ನಮಗಿಂತ ಬೇಗ ಆಗುತ್ತದೆ. ಅವಳು ಬೆರಳನ್ನು ಎತ್ತಿ ಯಾರದ್ದೋ ಬೆರಳು ಎಂಬಂತೆ ಕೆನ್ನೆಗೆ ಒತ್ತಿಕೊಂಡಳು. "ನಡಿ ತಮ್ಮಾ," ಎಂದಳು.

ಆಟೋದಲ್ಲಿ ಅವಳ ಬೆರಳ ತುದಿಗಳನ್ನು ನೋಡಿದೆ. ತವೆ ಮುಟ್ಟಿ ಎದ್ದ ಗುಳ್ಳೆಗಳಿದ್ದವು.

"ಇದು ಯಾವಾಗ ಸುಟ್ಟಿತು, ಅತ್ತಿ?"

"ಯಾವದು?"

ಡಾಕ್ಟರು ಶುಗರ್ ಎಂದರು. ಬಹಳ ದಿನದಿಂದ ಇದೆ, ಬೆರಳಿನ ನರಗಳು ಹೋಗಿವೆ, ವಾಪಸ್ ಬರುತ್ತವೆ ಎಂದು ಹೇಳಲಾರೆ ಎಂದರು. ಆ ಯಂತ್ರಕ್ಕೆ ದನಿ ಇದೆಯಂತಲ್ಲ, ಕೇಳಿಸಿಕೊಂಡರಾಯಿತು ಎಂದೂ ಸಮಾಧಾನ ಹೇಳಿದರು. ಅತ್ತೆ ಹೊರಗೆ ಬಂದು ನನಗೆ ಹೇಳಿದಳು: "ಕೇಳೋದು ಬ್ಯಾರೆ, ಓದೋದು ಬ್ಯಾರೆ. ಅದೇ ಓದಿ ಹೇಳೋದಾದ್ರ ಕಮಲಾಪುರಕ್ಕ ಡಬ್ಬಿ ಕಳಸು. ನಾ ಯಾಕ ಹೋಗ್ಲಿ?"

ಅವಳು ಹೋಗಲಿಲ್ಲ. ಡಬ್ಬಿಯ ಮೇಲೆ ಟವೆಲ್ ಮುಚ್ಚಿದಳು. ದೊಡ್ಡತ್ತೆ ಫೋನ್ ಮಾಡಿ, "ಹುಡುಗಿ ಯಾಕ ಬರವಲ್ಲಳು?" ಎಂದರೆ, "ಬಸ್ ಇಲ್ಲ ಅನ್ನು," ಎಂದು ನನಗೆ ಹೇಳಿಕೊಡುತ್ತಿದ್ದಳು. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿಲ್ಲ ಎನ್ನುವುದೂ ಮೇ ತಿಂಗಳಲ್ಲಿ ಬಿಸಿಲಿಲ್ಲ ಎನ್ನುವುದೂ ಒಂದೇ. ಆದರೂ ಹೇಳಿದೆ. ಆ ಮನೆಯಲ್ಲಿ ಹುಳು ನಡೆಯುವ ಸದ್ದು ನಿಂತುಹೋಯಿತು. ಯಾವ ಸದ್ದಿಗೆ ಓಣಿ ಹೆದರುತ್ತಿತ್ತೋ ಅದು ಇಲ್ಲದಾಗ ಆ ಮನೆ ಇನ್ನಷ್ಟು ಹೆದರಿಸತೊಡಗಿತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದವನು ಬಾಗಿಲಲ್ಲೇ ನಿಂತೆ. ಕಿರ್ರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಿರ್ರ್. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡೆ. ಅತ್ತೆ ಮೇಜಿನ ಮೇಲೆ ಮುಖ ಮಾಡಿ ಬಿದ್ದಿದ್ದಳು. ಎರಡು ಕೈಗಳೂ ಪಕ್ಕದಲ್ಲಿ ಜೋತುಬಿದ್ದಿದ್ದವು. ಬಾಯಿ ಡಬ್ಬಿಗೆ ಅಂಟಿತ್ತು. ಮುಖ ಮಾತ್ರ, ಬಹಳ ನಿಧಾನವಾಗಿ, ಎಡದಿಂದ ಬಲಕ್ಕೆ ಸರಿಯುತ್ತಿತ್ತು. ದೊಡ್ಡತ್ತೆ ಹೇಳಿದ್ದೇ ನಿಜ, ಒಳಗೆ ಇದ್ದವರು ಅತ್ತೆಯನ್ನು ಎಳೆದುಕೊಳ್ಳುತ್ತಿದ್ದಾರೆ ಎಂದು ನನಗೆ ಆ ಕ್ಷಣ ಖಂಡಿತವಾಗಿ ಅನಿಸಿತು. ನಾನು ವಿದ್ಯಾವಂತ. ಆದರೂ ಅನಿಸಿತು.

ಅತ್ತೆ ತಲೆ ಎತ್ತಿದಳು. "ಬಾಗಲಾಗ ನಿಂತು ಯಾಕ ತೇಕಾಕತ್ತಿ, ತಮ್ಮಾ? ಒಳಗ ಬಾ."

"ನೀ ಏನ್ ಮಾಡಾಕತ್ತಿ?"

"ಓದಾಕತ್ತೀನಿ."

ಬೆಳಗ್ಗೆ ಚಹಾ ಕುಡಿಯುವಾಗ ತುಟಿ ಸುಟ್ಟಿತಂತೆ. ಲೋಟ ಹಿಡಿದ ಬೆರಳಿಗೆ ಸುದ್ದಿಯೇ ಇಲ್ಲ, ತುಟಿ ಮಾತ್ರ ಚುರ್ರೆಂದಿತು. ಅಂದರೆ ತುಟಿಗೆ ಇನ್ನೂ ಜೀವ ಇದೆ. ಟವೆಲ್ ತೆಗೆದಳು. ಮೊದಲು ಬರೀ ಮುಳ್ಳು ಮುಳ್ಳು. ಆಮೇಲೆ, ಮಧ್ಯಾಹ್ನದ ಹೊತ್ತಿಗೆ, ಒಂದು ಅಕ್ಷರ.

ಮುಂದಿನ ಭಾನುವಾರ ಬಸ್ಸು ಇತ್ತು.

ತುಟಿಯಿಂದ ಓದುವುದರಲ್ಲಿ ಒಂದು ತೊಡಕಿದೆ. ಓದುವಾಗ ಮಾತಾಡಲು ಬಾಯಿ ಬಿಡುವಿರುವುದಿಲ್ಲ. ಅತ್ತೆ ಬಾಗಿ ಒಂದು ಸಾಲು ಓದಬೇಕು, ತಲೆ ಎತ್ತಿ ಅದನ್ನು ಹೇಳಬೇಕು, ಮತ್ತೆ ಬಾಗಬೇಕು. ನಡುನಡುವೆ ಪಡಸಾಲೆಯಲ್ಲಿ ಯಾರೂ ಉಸಿರಾಡದಂಥ ನಿಶ್ಶಬ್ದ. ದೊಡ್ಡತ್ತೆ ಮೊದಲು ದುರುಗುಟ್ಟಿ ನೋಡಿದಳು.

"ಹುಡುಗಿ, ಅದಕ್ಕ ಮುತ್ತು ಕೊಡಾಕತ್ತೇನು?"

"ಸುಮ್ಮ ಕೇಳು, ಅಕ್ಕಾ."

ಒಂದಿಷ್ಟು ಹೊತ್ತು ಕೇಳಿದ ದೊಡ್ಡತ್ತೆ, ಕಥೆಯ ನಡುವೆಯೇ ಎದ್ದು ಒಳಗೆ ಹೋದಳು. ಅತ್ತೆಯ ಮುಖ ಹೆಜ್ಜೆಗಳ ಸದ್ದಿನ ಹಿಂದೆ ತಿರುಗಿ ಅಲ್ಲೇ ನಿಂತಿತು. ಆದರೆ ದೊಡ್ಡತ್ತೆ ವಾಪಸ್ ಬಂದಳು. ಬೆರಳ ತುದಿಯಲ್ಲಿ ಒಂದಿಷ್ಟು ತುಪ್ಪ.

"ತುಟಿ ಒಡದು ರಕ್ತ ಬಂದದ. ಇತ್ತ ತಿರುಗು."

"ಈಗ ಬ್ಯಾಡ. ತುಪ್ಪ ಹಚ್ಚಿದ್ರ ಅಕ್ಷರ ಜಾರ್ತಾವ."

"ಮತ್ತ?"

"ಮುಗದ ಮ್ಯಾಲ ಹಚ್ಚು."

ದೊಡ್ಡತ್ತೆ ತುಪ್ಪದ ಬೆರಳನ್ನು ಹಾಗೇ ಮೇಲೆತ್ತಿಕೊಂಡು ತಂಗಿಯ ಪಕ್ಕದಲ್ಲಿ ಕೂತಳು. ಕಥೆ ಉದ್ದವಿತ್ತು. ತುಪ್ಪ ಕರಗಿ ಮುಂಗೈ ಮೇಲೆ ಇಳಿಯಿತು. ಅವಳು ಬೆರಳು ಇಳಿಸಲಿಲ್ಲ.