ಹೊಗೆಸೊಪ್ಪಿನ ಜ್ಯೂಸು ಮತ್ತು ಮಾವನವರ ಮೂಗು

ಬೇರೆಯವರು ಸಿಗರೇಟು ಬಿಡೋಕೆ ಹೊರಟರೆ ನಾಲ್ಕು ದಿನ ಸಿಡಿಮಿಡಿ ಅಂತಾರೆ, ಆಮೇಲೆ ಬಿಡ್ತಾರೆ, ಇಲ್ಲಾ ಮತ್ತೆ ಹಚ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತೆ. ನಾನು ಹೊರಟರೆ ಮಾತ್ರ ಆಫೀಸು, ರೈಲು, ಅಡುಗೆಮನೆ ಎಲ್ಲಾ ಕಡೆ ಏನಾದರೊಂದು ಆಗಲೇಬೇಕು. ನನ್ನ ಹಣೆಬರಹವೇ ಅಂಥದ್ದು.

೧. ಇಲ್ಲ ಸಾರ್

ದೊಡ್ಡ ದೊಡ್ಡ ಬ್ಯಾಂಕುಗಳೇ ಮಕಾಡೆ ಮಲಗಿದ್ದ ಕಾಲ. ನಾನು ನ್ಯೂಜೆರ್ಸಿಯ ಮೆಟುಚೆನ್‌ನಿಂದ ದಿನಾ ರೈಲಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದೆ. ಆಫೀಸ್ ಕಟ್ಟಡದ ಕೆಳಗೆ, ಬಾಗಿಲಿಂದ ಇಪ್ಪತ್ತೈದು ಅಡಿ ದೂರದಲ್ಲಿ, ನಾವು ಹನ್ನೊಂದು ಜನ ಸೇದುವವರು ಚಳಿಯಲ್ಲಿ ಗುಂಪಾಗಿ ನಿಲ್ಲುತ್ತಿದ್ದೆವು. ಯಾವ ವಿಭಾಗಕ್ಕೆ ಕತ್ತರಿ, ಯಾರ ಕೆಲಸ ಹೋಯ್ತು, ಎಲ್ಲ ಮೊದಲು ಗೊತ್ತಾಗುತ್ತಿದ್ದದ್ದು ಅಲ್ಲೇ. ಹಿಮ ಕರಗೋ ಹೊತ್ತಿಗೆ ನಾಲ್ಕೇ ಜನ ಉಳಿದೆವು. ಹೋದವರಲ್ಲಿ ಸಿಗರೇಟು ಬಿಟ್ಟು ಹೋದವರು ಒಬ್ಬರೂ ಇರಲಿಲ್ಲ.

ಅಂಥದ್ದರಲ್ಲಿ ನನ್ನ ಹೆಂಡತಿ ಒಂದು ಸಂಜೆ ಫೋನ್ ಇಟ್ಟು, "ರೀ, ಜೂನಿನಲ್ಲಿ ಅಪ್ಪ ಬರ್ತಿದ್ದಾರೆ. ಮೂರು ತಿಂಗಳು ಇರ್ತಾರೆ" ಅಂದಳು.

ನಾನು ಕ್ಯಾಲೆಂಡರ್ ತೆಗೆದು ಜೂನಿಗೆ ಎಷ್ಟು ದಿನ ಅಂತ ಎಣಿಸಿದೆ. ಯಾಕೆ ಅಂತ ಹೇಳಬೇಕು. ನಮ್ಮ ಮಾವನವರು ಹುಣಸೂರಿನ ಕಡೆ ಹೊಗೆಸೊಪ್ಪಿನ ಹರಾಜಿನಲ್ಲಿ ಮೂವತ್ತು ವರ್ಷ ಗ್ರೇಡರ್ ಆಗಿದ್ದವರು. ರೈತರು ತಂದ ಸೊಪ್ಪಿನ ಮೂಟೆ, ಅಂದರೆ ಬೇಲ್‌ಗಳನ್ನು ಮುಟ್ಟಿ, ಮೂಸಿ, ಇದು ಒಂದನೇ ದರ್ಜೆ, ಇದು ಎರಡನೇದು, ಇದು ರಿಜೆಕ್ಟ್ ಅಂತ ಹೇಳೋ ಕೆಲಸ. ಒಂದು ದಿನವೂ ಸಿಗರೇಟು ಬಾಯಿಗಿಟ್ಟವರಲ್ಲ, ಸೇದುವವರನ್ನು ಕಂಡರೆ ಆಗದು. ನಾನು ಹೆಣ್ಣು ನೋಡೋಕೆ ಹೋದ ದಿನ ಪಕ್ಕದಲ್ಲೇ ಕೂತು, ಉಪ್ಪಿಟ್ಟಿನ ತಟ್ಟೆ ನನ್ನ ಕೈಗೆ ಕೊಡುತ್ತಾ, "ಸಿಗರೇಟು ಗಿಗರೇಟು?" ಅಂದಿದ್ದರು.

"ಇಲ್ಲ ಸಾರ್" ಅಂದಿದ್ದೆ. ಪ್ಯಾಕೆಟ್ಟು ಪ್ಯಾಂಟಿನ ಜೇಬಿನಲ್ಲೇ ಇತ್ತು.

ಆ ಸುಳ್ಳಿಗೆ ಈಗ ಹದಿನೆಂಟು ವರ್ಷ. ಬೇರೆ ಯಾರು ಏನಂದುಕೊಂಡರೂ ನನಗೆ ಚಿಂತೆಯಿಲ್ಲ, ಆ ಮನುಷ್ಯನ ಕಣ್ಣಲ್ಲಿ ಮಾತ್ರ ಸುಳ್ಳುಗಾರ ಆಗೋದು ನನಗೆ ಬೇಡವಾಗಿತ್ತು. "ಅಷ್ಟು ಹೊತ್ತಿಗೆ ಬಿಟ್ಟಿರಬೇಕು" ಅಂದಳು ಹೆಂಡತಿ. "ಇಷ್ಟು ವರ್ಷ ನಿಮ್ಮ ಪರವಾಗಿ ನಾನೂ ಸುಳ್ಳು ಹೇಳಿದ್ದೀನಿ. ಫೋನಲ್ಲಾದರೆ ಹೇಳಬಹುದು. ಮುಖ ನೋಡ್ಕೊಂಡು ನನ್ನ ಕೈಲಾಗಲ್ಲ."

೨. ಮೊದಲ ಅಡುಗೆ

ಕೆಳಗಿನ ಗುಂಪಿನಲ್ಲಿ ಉಳಿದಿದ್ದ ಒಬ್ಬ ಗೆಳೆಯ ಆಗಷ್ಟೇ ಬಂದಿದ್ದ ಎಲೆಕ್ಟ್ರಾನಿಕ್ ಸಿಗರೇಟು ತೋರಿಸಿದ. ಪೆನ್ನಿನಂಥ ಕೊಳವೆ, ಒಳಗೆ ಬ್ಯಾಟರಿ, ಮೇಲೆ ನಾಲ್ಕು ಹನಿ ಜ್ಯೂಸು. ಎಳೆದರೆ ಹೊಗೆಯ ಬದಲು ಆವಿ ಬರುತ್ತೆ. "ಜ್ಯೂಸು ಮನೇಲೇ ಮಾಡ್ಕೋ. ಗ್ಲಿಸರಿನ್ ತಗೋ, ತಂಬಾಕಿನ ಎಸೆನ್ಸ್ ಹಾಕು. ನಿಕೋಟಿನ್ನೂ ಬೇರೆ ಸಿಗುತ್ತೆ, ಅದನ್ನ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಹೋಗು, ಜೂನ್ ಹೊತ್ತಿಗೆ ಬಿಟ್ಟಿರ್ತೀಯ" ಅಂದ.

ನನಗೆ ಹೇಳಿ ಮಾಡಿಸಿದ ಹಾಗಿತ್ತು. ಇಂಟರ್ನೆಟ್ಟಿನಲ್ಲಿ ತಂಬಾಕಿನ ವಾಸನೆಯೇ ಹದಿನಾಲ್ಕು ಬಗೆ. ವರ್ಜೀನಿಯಾ, ಟರ್ಕಿ, ಕ್ಯೂಬಾ, ಕೌಬಾಯ್. ಇಷ್ಟೊಂದರಲ್ಲಿ ಯಾವುದು ಅಂತ ಆರಿಸಲಿ? ನಮ್ಮ ಜನ ಮಾಡೋದನ್ನೇ ಮಾಡಿದೆ, ಹದಿನಾಲ್ಕೂ ತರಿಸಿದೆ, ಜೊತೆಗೆ ಕ್ಯಾರಮೆಲ್, ವೆನಿಲಾ, ಜೇನು, ಕೊಬ್ಬರಿ ಅಂತ ಚಿಲ್ಲರೆ ಸೀಸೆಗಳನ್ನೂ.

ರೆಸಿಪಿಯಲ್ಲಿ ಬರೆದಷ್ಟನ್ನೇ ಅಳೆದು ಹಾಕಬೇಕು ಅನ್ನೋ ಬುದ್ಧಿ ನಮಗೆಲ್ಲಿ ಬರಬೇಕು? ಸಾರಿಗೆ ಉಪ್ಪು ಹಾಕಿದ ಹಾಗೆ ಕಣ್ಣಂದಾಜಿನಲ್ಲಿ ಹಾಕಿದೆ. ಹೊಗೆ ಜಾಸ್ತಿ ಅನ್ನಿಸಿತು, ಕ್ಯಾರಮೆಲ್ ಹಾಕಿದೆ. ಸಿಹಿ ಜಾಸ್ತಿಯಾಯ್ತು, ಟರ್ಕಿ ಸುರಿದೆ. ಟರ್ಕಿ ಮೇಲೆ ಬಂತು, ವೆನಿಲಾ ಹಾಕಿದೆ. ಹತ್ತು ಎಂಎಲ್ ಮಾಡೋಕೆ ಕೂತವನು ಎದ್ದಾಗ ಒಂದು ಉಪ್ಪಿನಕಾಯಿ ಜಾರ್ ತುಂಬಾ ಇತ್ತು.

ಎರಡು ವಾರ ಕತ್ತಲಲ್ಲಿಟ್ಟರೆ ಹದವಾಗಿ ಕಳಿಯುತ್ತೆ ಅಂತ ಓದಿದ್ದೆ. ಇಟ್ಟೆ. ತೆಗೆದು ಒಂದು ದಮ್ಮು ಎಳೆದಾಗ ಹದಿನಾರು ವರ್ಷದ ಮಗಳು ಮೂಗು ಹಿಡಿದುಕೊಂಡು ಕೆಳಗೆ ಓಡಿ ಬಂದಳು. "ಅಪ್ಪಾ! ಡಿಡ್ ಸಮ್‌ಥಿಂಗ್ ಡೈ ಇನ್ ಹಿಯರ್?"

"ಇಲ್ಲ ಪುಟ್ಟಿ. ನಾನು ಸಿಗರೇಟು ಬಿಡ್ತಿದ್ದೀನಿ" ಅಂದೆ.

ಅವಳು ಜಾರ್ ನೋಡಿದಳು, ನನ್ನನ್ನು ನೋಡಿದಳು. "ಪ್ಲೀಸ್ ಸ್ಟಾರ್ಟ್ ಅಗೇನ್" ಅಂದು ಮೇಲೆ ಹೋದಳು.

೩. ರೈಲಿನ ಹೋಳಿಗೆ

ಏಳೆಂಟು ಸಲ ಕೆಡಿಸಿದ ಮೇಲೆ ಒಂದು ಪರವಾಗಿಲ್ಲ ಅನ್ನೋ ಹಾಗೆ ಬಂತು. ತಂಬಾಕಿನ ಜೊತೆ ಕ್ಯಾರಮೆಲ್, ಕೊಬ್ಬರಿ, ಏಲಕ್ಕಿ. ಅದರ ಸೀಸೆಯನ್ನು ಊಟದ ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ. ಮುಂದಿನ ಸ್ಟೇಷನ್ ಬರೋ ಹೊತ್ತಿಗೆ ಸೀಸೆ ಸೋರಿತ್ತು.

ನನಗೆ ಗೊತ್ತಾಗೋ ಮೊದಲು ಬೋಗಿಗೆ ಬೋಗಿಯೇ ಮೂಗು ಅರಳಿಸುತ್ತಿತ್ತು. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಿ ಬಂದಿದ್ದ ಜನ ಪಾಪ. ಎದುರು ಸೀಟಿನ ಆಂಟಿ ನನ್ನ ಚೀಲವನ್ನೇ ನೋಡುತ್ತಾ, "ಕನ್ನಡದವರಾ?" ಅಂದರು.

"ಹೌದು ಆಂಟಿ."

"ಅಂದ್ಕೊಂಡೆ. ಕಾಯಿ ಹೋಳಿಗೆ ಅಲ್ವಾ? ತುಪ್ಪದಲ್ಲಿ ಸ್ವಲ್ಪ ಸೀದಿದೆ, ಅದೇ ಚೆಂದ."

ಚೀಲ ಕಂಕುಳಿಗೆ ಒತ್ತಿಕೊಂಡು, "ಹೌದು ಆಂಟಿ, ಖಾಲಿಯಾಗೋಯ್ತು" ಅಂದೆ.

"ಅಷ್ಟೂ ಒಬ್ಬರೇ ತಿಂದ್ರಾ? ಈ ವಯಸ್ಸಲ್ಲಿ ಶುಗರ್ ನೋಡ್ಕೋಬೇಕಪ್ಪಾ" ಅಂತ ಬೋಗಿಗೆಲ್ಲ ಕೇಳಿಸೋ ಹಾಗೆ ಬುದ್ಧಿ ಹೇಳಿದರು. ಅಲ್ಲಿಗೆ ಬಿಡಲಿಲ್ಲ. ಭಾನುವಾರ ಇಂಡಿಯನ್ ಅಂಗಡಿಯಲ್ಲಿ ನಮ್ಮಿಬ್ಬರನ್ನೂ ಕಂಡು, ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ನಿಮ್ಮ ಹೋಳಿಗೆ ಘಮ ಇನ್ನೂ ಮೂಗಲ್ಲೇ ಇದೆಯಮ್ಮಾ" ಅಂದರು.

ಹೆಂಡತಿ ಕಾರು ಹತ್ತಿ ಬಾಗಿಲು ಧಡ್ ಅಂತ ಎಳೆದುಕೊಂಡಳು. ಆಮೇಲೆ, "ನಿಜವಾಗಿ ಹೋಳಿಗೆ ಮಾಡಿ ಹದಿನೆಂಟು ವರ್ಷ ಬಡಿಸಿದೀನಿ, ಒಬ್ಬರೂ ಒಂದು ಮಾತು ಆಡಲಿಲ್ಲ" ಅಂದಳು.

೪. ಕುರ್ಚಿ

ಆಫೀಸಿನಲ್ಲಿ ಯಾರೂ ಇಲ್ಲದಾಗ ಮೇಜಿನ ಕೆಳಗೆ ಬಗ್ಗಿ ಒಂದೊಂದು ದಮ್ಮು ಎಳೆಯೋ ಅಭ್ಯಾಸ ಆಯ್ತು. ಒಂದು ಶುಕ್ರವಾರ ಮೂರು ಗಂಟೆಗೆ ಎಚ್ಚಾರ್‌ನಿಂದ ಫೋನ್. "ಒಂದು ನಿಮಿಷ ಬರ್ತೀರಾ?"

ಆ ವರ್ಷ ಶುಕ್ರವಾರ ಮಧ್ಯಾಹ್ನ ಎಚ್ಚಾರ್‌ಗೆ ಕರೆದರೆ ಅದಕ್ಕೆ ಒಂದೇ ಅರ್ಥ, ಕೆಲಸ ಹೋಯ್ತು. ನಾನು ಎದ್ದು ನಿಂತಾಗ ಇಡೀ ಫ್ಲೋರ್ ಕತ್ತೆತ್ತಿ ನೋಡಿತು. ಒಬ್ಬ ಬೆನ್ನು ತಟ್ಟಿದ. ಒಬ್ಬಳು ಅಪ್ಪಿಕೊಂಡು ಕಣ್ಣೊರೆಸಿಕೊಂಡಳು.

ಒಳಗೆ ಹೋದರೆ ಆ ಹೆಂಗಸು ಮೆತ್ತಗೆ, "ನಿಮ್ಮ ಕಡೆಯಿಂದ ವೈರು ಸುಟ್ಟ ವಾಸನೆ ಬರ್ತಿದೆ ಅಂತ ದೂರು ಬಂದಿದೆ. ಕಂಪ್ಯೂಟರ್ ಚೆಕ್ ಮಾಡಿಸ್ತೀರಾ?" ಅಂದಳು. ಅಷ್ಟೇ! ನಾನು ಖುಷಿಯಲ್ಲಿ ಅವಳಿಗೆ ನಾಲ್ಕು ಸಲ ಥ್ಯಾಂಕ್ಸ್ ಹೇಳಿದೆ. ಅವಳಿಗೆ ಯಾಕೆ ಅಂತ ಅರ್ಥವಾಗಲಿಲ್ಲ.

ವಾಪಸ್ ಬಂದೆ. ಹೋಗಿ ಬಂದದ್ದು ಹತ್ತು ನಿಮಿಷ. ನನ್ನ ಕುರ್ಚಿ ಇಲ್ಲ, ಸ್ಟೇಪ್ಲರ್ ಇಲ್ಲ, ಕಿಟಕಿ ಹತ್ತಿರದ ಗಿಡವೂ ಇಲ್ಲ. ಪಕ್ಕದ ಸಾಲಿನಲ್ಲಿ, ನನ್ನ ಕುರ್ಚಿ ಮೇಲೆ, ಅಪ್ಪಿಕೊಂಡು ಅತ್ತಿದ್ದವಳೇ ಕೂತಿದ್ದಳು.

೫. ನೀಲಿ ಡಬ್ಬಿ

ಜೂನ್ ಬಂತು, ಮಾವನವರೂ ಬಂದರು. ನಿಕೋಟಿನ್ ಬಹಳ ಇಳಿಸಿದ್ದೆ, ಆದರೆ ಎಳೆಯೋ ಚಟ ಹಾಗೇ ಇತ್ತು. ಸೀಸೆಗಳನ್ನೆಲ್ಲ ಒಂದು ನೀಲಿ ಬಿಸ್ಕತ್ತು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಆ ಡಬ್ಬಿ ನಿಮ್ಮ ಮನೆಯಲ್ಲೂ ಇರುತ್ತೆ. ಅದರಲ್ಲಿ ಬಿಸ್ಕತ್ತು ಇರಲ್ಲ ಅಂತ ನಮ್ಮವರಿಗೆಲ್ಲ ಗೊತ್ತು, ಯಾರೂ ತೆಗೆಯಲ್ಲ ಅನ್ನೋದು ನನ್ನ ಲೆಕ್ಕ.

ಮೂರನೇ ದಿನ ಮಾವನವರ ಅಂಗಿಯ ಗುಂಡಿ ಕಿತ್ತುಬಂತು. ಸೂಜಿದಾರ ಬೇಕಾಯ್ತು. ಯಾರನ್ನೂ ಕೇಳಲಿಲ್ಲ, ಸೀದಾ ಹೋಗಿ, ನಮ್ಮವರ ಮನೆಗಳಲ್ಲೆಲ್ಲ ಸೂಜಿದಾರ ಇರೋ ಆ ನೀಲಿ ಡಬ್ಬಿ ತೆಗೆದರು.

ನಾನು ಅಡುಗೆಮನೆಗೆ ಬಂದಾಗ ಸೀಸೆಗಳು ಸಾಲಾಗಿ ಮೇಜಿನ ಮೇಲಿದ್ದವು. "ಇದೇನು ಅಳಿಯಂದ್ರೇ?"

ಹೆಂಡತಿ ಒಲೆ ಕಡೆ ತಿರುಗಿ, ಖಾಲಿ ಬಾಣಲೆಯಲ್ಲಿ ಸೌಟು ಆಡಿಸತೊಡಗಿದಳು. ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ. "ಊದುಬತ್ತಿಗೆ ಹಾಕೋ ಸೆಂಟು ಮಾವ. ಕೆಲಸ ಹೇಗೋ ಏನೋ, ಒಂದು ಸೈಡ್ ಬಿಸಿನೆಸ್ ಇರ್ಲಿ ಅಂತ..."

"ಹೊಗೆಸೊಪ್ಪಿನ ಊದುಬತ್ತಿಯೇ? ಯಾವ ದೇವರಿಗೆ?"

"ಇಲ್ಲಿನವರು ಮನೇಲಿ ಹಚ್ತಾರೆ ಮಾವ."

ಅವರು ಕನ್ನಡಕ ಹಾಕಿಕೊಂಡು ಒಂದು ಸೀಸೆ ಮೂಸಿದರು. "ವರ್ಜೀನಿಯಾ ಅಂತ ಬರೆದಿದ್ದಾನೆ, ಕಳ್ಳ. ಇದು ಸುಟ್ಟ ಸಕ್ಕರೆ, ಒಣಹುಲ್ಲು. ರಿಜೆಕ್ಟ್." ಇನ್ನೊಂದು. "ರಿಜೆಕ್ಟ್." ನನ್ನ ಮಹಾ ಮಿಶ್ರಣದ ಸರದಿ ಬಂತು. ಮೂಗಿನ ಹತ್ತಿರ ತಂದವರು ತಕ್ಷಣ ದೂರ ಹಿಡಿದರು. "ಇದಕ್ಕೆ ಕೊಬ್ಬರಿ ಹಾಕಿದವನು ಯಾರು?"

"ಗೊತ್ತಿಲ್ಲ ಮಾವ" ಅಂದೆ.

ಅಲ್ಲಿಂದ ಶುರುವಾಯ್ತು. ಮೊಮ್ಮಗಳು ಸಮ್ಮರ್ ಕ್ಲಾಸಿಗೆ, ನಾವಿಬ್ಬರೂ ಆಫೀಸಿಗೆ, ಪಾಪ ಅವರಿಗೆ ಹೊತ್ತು ಹೋಗಬೇಕಲ್ಲ. ದಿನಾ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಸೀಸೆಗಳ ಮುಂದೆ ಕೂರೋರು. ನನ್ನ ಹಾಗೆ ಕಣ್ಣಂದಾಜಲ್ಲ, ಹನಿ ಎಣಿಸಿ ಎಣಿಸಿ ಬೆರೆಸೋರು. ಸಂಜೆ ನಾನು ಬಂದರೆ, "ಬನ್ನಿ ಅಳಿಯಂದ್ರೇ, ಕೂತ್ಕೊಂಡು ಬರ್ಕೊಳ್ಳಿ" ಅನ್ನೋರು. "ಒಣಹುಲ್ಲು ಎರಡು ಹನಿ. ಜೇನು ಅರ್ಧ. ವೆನಿಲಾ ಮನೆಯಿಂದಾಚೆ ಎಸೀರಿ." ನಾನು ಬರೆದುಕೊಳ್ಳುತ್ತಿದ್ದೆ. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಎಳೆಯೋಕೆ ಆಸೆಯಾದರೂ ಆಫೀಸಿನಲ್ಲಿ ದೂರು ಬಂದಿರುವಾಗ, ಮನೆಯೊಳಗೆ ಅಂಥ ಮೂಗು ಕೂತಿರುವಾಗ ಎಲ್ಲಿ ಎಳೆಯಲಿ? ನಾನು ಸ್ಟೇಷನ್ನಿಗೆ ನಡೆದರೆ ವಾಕಿಂಗ್ ಅಂತ ಅಲ್ಲೀವರೆಗೂ ಜೊತೆಗೆ ಬರೋರು.

ಆರು ವಾರ ಕಳೆದ ಮೇಲೆ ಒಂದು ಸೀಸೆ ಎತ್ತಿ ಹಿಡಿದು, "ಇದೀಗ ಒಂದನೇ ದರ್ಜೆ. ಬ್ಯಾರನ್ ಬಾಗಿಲು ತೆಗೆದ ಹಾಗಿದೆ" ಅಂದರು. ಸೊಪ್ಪು ಒಣಗಿಸೋ ಗೂಡಿಗೆ ಅವರ ಕಡೆ ಬ್ಯಾರನ್ ಅಂತಾರೆ. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡೇ ಇರಲಿಲ್ಲ. ಮೋಸ ಮಾಡ್ತಿದ್ದೀನಿ ಅಂತ ಅವರ ಮುಖ ನೋಡಲಾಗದೆ, ತಲೆ ತಗ್ಗಿಸಿ ಒಂದನೇ ದರ್ಜೆ ಅಂತ ಬರೆದುಕೊಂಡೆ.

ಆದರೂ ಚಟ ಕೇಳಬೇಕಲ್ಲ. ಮರುದಿನ ಅವರು ಮನೆ ಕಡೆ ತಿರುಗಿದ ಮೇಲೆ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಕದ್ದು ತಂದಿದ್ದ ನಾಲ್ಕು ಹನಿ ಹಾಕಿ ಒಂದು ದಮ್ಮು ಎಳೆದೆ.

ಬೆಚ್ಚಿಬಿದ್ದೆ. ಅದು ಮಾವನವರ ವಾಸನೆ! ಹೆಣ್ಣು ನೋಡಿದ ದಿನ ಪಕ್ಕದಲ್ಲಿ ಕೂತಿದ್ದರಲ್ಲ, ಮೂವತ್ತು ವರ್ಷ ಸೊಪ್ಪಿನ ನಡುವೆ ಓಡಾಡಿದ ಆ ಬಿಳಿ ಅಂಗಿ, ತದ್ರೂಪು ಅದೇ. ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ. ಎರಡನೇ ದಮ್ಮು ಎಳೆದೆ. ಕಿವಿಯಲ್ಲೇ ಕೇಳಿಸಿತು, "ಸಿಗರೇಟು ಗಿಗರೇಟು?"

"ಇಲ್ಲ ಸಾರ್!" ಅಂತ ಜೋರಾಗಿ ಅಂದುಬಿಟ್ಟೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಮೆರಿಕನ್ನು ನಾಲ್ಕು ಹೆಜ್ಜೆ ಆಚೆ ಸರಿದ.

ಆಫೀಸಿನ ಕೆಳಗೆ ಗೆಳೆಯನ ಹತ್ತಿರ ಸಿಗರೇಟು ಇಸಕೊಂಡು ನೋಡಿದೆ. ಅದರಲ್ಲೂ ಮಾವ. ಸಂಜೆ ಇನ್ನೊಂದು ಪ್ರಯತ್ನ. ಮಾವನೇ, ಉಪ್ಪಿಟ್ಟಿನ ತಟ್ಟೆ ಸಮೇತ. ಇಪ್ಪತ್ತೈದು ವರ್ಷದ ಚಟ ಅವತ್ತೇ ನನ್ನನ್ನು ಬಿಟ್ಟು ಹೋಯ್ತು, ಇವತ್ತಿಗೂ ವಾಪಸ್ ಬಂದಿಲ್ಲ.

ಅವರು ಹೊರಟ ದಿನ ಏರ್‌ಪೋರ್ಟಿನಲ್ಲಿ ಹೆಂಡತಿ ಬ್ಯಾಗ್ ತೂಕ ಹಾಕಿಸೋಕೆ ಹೋದಳು. ನನಗೆ ತಡೆಯಲಾಗಲಿಲ್ಲ. "ಮಾವ, ಒಂದು ಮಾತು. ಅದು ಊದುಬತ್ತಿಗಲ್ಲ. ನಾನು ಸೇದ್ತಿದ್ದೆ. ಮದುವೆಗೆ ಮೊದಲಿಂದಾನೂ. ಈಗ ಬಿಟ್ಟಿದ್ದೀನಿ. ತಪ್ಪಾಯ್ತು" ಅಂದೆ.

ಅವರು ಪಾಸ್‌ಪೋರ್ಟನ್ನು ಅಂಗಿ ಜೇಬಿಗೆ ಇಳಿಸಿ, ಮೇಲೊಂದು ಪಿನ್ನು ಹಾಕಿಕೊಂಡರು. "ಮೂವತ್ತು ವರ್ಷ ಬೇಲ್ ಮೂಸಿದ ಮೂಗು ಅಳಿಯಂದ್ರೇ ಇದು. ನೀವು ನಮ್ಮ ಗೇಟು ದಾಟಿ ಒಳಗೆ ಬರುವಾಗಲೇ ಗೊತ್ತಾಯ್ತು."

ನಾನು ದಂಗಾದೆ. "ಮತ್ತೆ ಮಗಳನ್ನ ಯಾಕೆ ಕೊಟ್ರಿ ಮಾವ?"

"ಇಲ್ಲ ಸಾರ್ ಅನ್ನುವಾಗ ನಿಮ್ಮ ಕಿವಿ ಎರಡೂ ಕೆಂಪಗಾದವು. ನಾಚಿಕೆ ಇರೋ ಹುಡುಗ, ಇವತ್ತಲ್ಲ ನಾಳೆ ಬಿಡ್ತಾನೆ ಅಂದ್ಕೊಂಡೆ. ಸ್ವಲ್ಪ ತಡವಾಯ್ತು, ಇರ್ಲಿ." ಕೈಚೀಲ ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದವರು ಮತ್ತೆ ವಾಪಸ್ ಬಂದರು. "ಒಂದು ಕೊರಗು ಮಾತ್ರ ಹದಿನೆಂಟು ವರ್ಷದಿಂದ ಹಾಗೇ ಉಳಿದಿದೆ."

"ಏನು ಮಾವ?"

"ಹೊಗೆಸೊಪ್ಪಿನ ಗ್ರೇಡರ್ ಮನೆಗೆ ಹೆಣ್ಣು ನೋಡೋಕೆ ಬರೋರು, ಸೇದಿದ್ದೇ ಸೇದಿದಿರಿ, ರಿಜೆಕ್ಟ್ ಸೊಪ್ಪು ಸೇದಿಕೊಂಡಾ ಬರೋದು?"