ಮೇಸ್ತ್ರಿಯ ಕಿವಿ

ಸುಂಯ್.

ನಡುರಾತ್ರಿಯಲ್ಲಿ ಕೇಳಿಸಿದ್ದು ಅಷ್ಟೇ. ಕುಕ್ಕರು ಕೂಗುವ ಮುನ್ನ ಗಂಟಲು ಸರಿಮಾಡಿಕೊಂಡಷ್ಟು ಸಣ್ಣ ಸದ್ದು. ಮೇಸ್ತ್ರಿ ಧಡಕ್ಕನೆ ಎದ್ದು ಕುಳಿತ.

ಅವನು ಗ್ಯಾರೇಜಿನ ಮೇಸ್ತ್ರಿ. ಬಾನೆಟ್ ಎತ್ತದೆಯೇ, ಬೀದಿಯ ಆ ತುದಿಯಲ್ಲಿ ಬರುವ ಗಾಡಿಯ ಸದ್ದಿನಿಂದಲೇ ಅದರ ರೋಗ ಹೇಳುತ್ತಿದ್ದ. ಹಾಗಾಗಿ ಊರಿನವರ ಬಾಯಲ್ಲಿ ಕಿವಿ ಮೇಸ್ತ್ರಿ. ಏಳು ವರ್ಷದ ಮಗಳಿಗೆ ಉಬ್ಬಸವಿತ್ತು. ಬೆಳಿಗ್ಗೆ ಅವಳನ್ನು ವಿಮಾನ ಹತ್ತಿಸಬೇಕಿತ್ತು.

ಅವಳ ಮಂಚದ ಬಳಿ ಹೋಗಿ, ಉಸಿರು ಬಿಗಿಹಿಡಿದು, ಎದೆಯ ಮೇಲೆ ಕಿವಿಯಿಟ್ಟ. ಸದ್ದಿಲ್ಲ. ಹಿಂದೆ ಸರಿದು ನೆಮ್ಮದಿಯಿಂದ ಉಸಿರು ಬಿಟ್ಟ. ಸುಂಯ್. ಮತ್ತೆ ಬಗ್ಗಿದ. ಇಲ್ಲ.

"ಕಳ್ಳ ಸದ್ದು," ಎಂದು ಗೊಣಗಿದ. "ಗಿರಾಕಿ ಓಡಿಸುವಾಗ ಬರುತ್ತೆ, ಗ್ಯಾರೇಜಿಗೆ ತಂದ್ರೆ ನಿಂತುಹೋಗುತ್ತೆ."

"ಅಪ್ಪಾ, ಮೀಸೆ ಚುಚ್ಚುತ್ತೆ," ಎಂದಳು ಮಗಳು, ಕಣ್ಣು ತೆರೆಯದೆ.

ಆ ಮೀಸೆಗೂ ಒಂದು ಕತೆಯಿತ್ತು. ಮಗುವಿನ ಉಬ್ಬಸ ಯಾರ ಕಡೆಯಿಂದ ಬಂತು ಎಂದು ಅವನಿಗೂ ಅವನ ಅತ್ತೆಗೂ ವರ್ಷಗಳಿಂದ ಜಟಾಪಟಿ. "ನಮ್ಮ ವಂಶದಲ್ಲಿ ಒಬ್ಬರಿಗೆ ಉಬ್ಬಸ ಇದೆ ಅಂತ ತೋರಿಸಿ, ಮೀಸೆ ಬೋಳಿಸಿಕೊಳ್ತೀನಿ," ಎಂದು ಮದುವೆಮನೆಯೊಂದರಲ್ಲಿ ನಾಲ್ಕು ಜನರ ಮುಂದೆ ಸವಾಲು ಹಾಕಿದ್ದ. ಈಗ ಅತ್ತೆಯ ಮಂಡಿ ಆಪರೇಷನ್‌ಗೆಂದು ಹೆಂಡತಿ ತವರಿಗೆ ಮುಂಚೆಯೇ ಹೊರಟುಹೋಗಿದ್ದಳು. "ರೀ, ಒಬ್ಬರೇ ಕರ್ಕೊಂಡು ಬರ್ತೀರಾ? ಆಗುತ್ತಾ?" ಎಂದು ಕೇಳಿದ್ದಳು. "ಲಾರಿ ಇಂಜಿನ್ ಇಳಿಸೋನು ನಾನು," ಎಂದಿದ್ದ ಇವನು.

ಮತ್ತೆ ನಿದ್ದೆ ಬರಲಿಲ್ಲ. ಮಗಳು ಔಷಧಿಯ ಹಬೆ ತೆಗೆದುಕೊಳ್ಳುವ ಮೆಷಿನ್ ಎತ್ತಿಕೊಂಡ. ಚೆನ್ನಾಗಿಯೇ ಇತ್ತು. ಆದರೆ ಚೆನ್ನಾಗಿರುವುದನ್ನು ಬಿಚ್ಚದೆ ಬಿಟ್ಟರೆ ಅವನು ಮೇಸ್ತ್ರಿಯೇ? ಗುರ್ ಎನ್ನುವ ಸದ್ದು ಕಡಿಮೆಯಾಗಲೆಂದು ಹಳೆಯ ಸೈಕಲ್ ಟ್ಯೂಬ್ ಸುತ್ತಿದ. ವಿಮಾನದಲ್ಲಿ ಪ್ಲಗ್ ಇಲ್ಲದಿದ್ದರೆ ಎಂದು ಟಾರ್ಚಿನ ಸೆಲ್ಲುಗಳನ್ನು ಸಾಲಾಗಿ ಕಟ್ಟಿ, ಕೆಂಪು ಟೇಪು ಬಿಗಿದು, ಎರಡು ವೈರು ಎಳೆದ. ಕೈ ಒರೆಸಿಕೊಂಡು ನೋಡಿದ. ಇದು ಕಂಪನಿಯವರಿಗೂ ಹೊಳೆದಿರಲಿಲ್ಲ.

ಹೊರಡುವ ಹೊತ್ತಿಗೆ ಎದುರುಮನೆಯ ಟೀಚರಮ್ಮ ಗೇಟಿನಲ್ಲಿ ನಿಂತಿದ್ದರು.

"ಮೇಲೆ ಗಾಳಿ ಕಮ್ಮಿ ಇರುತ್ತಂತೆ ಮೇಸ್ತ್ರೀ. ಮಗೂನ ಕಿಟಕಿ ಪಕ್ಕ ಕೂರಿಸು, ಒಂಚೂರು ತೆಗೆದಿಟ್ಕೋ."

"ವಿಮಾನದ ಕಿಟಕಿ ತೆಗೆಯೋಕಾಗಲ್ಲ ಟೀಚರಮ್ಮ."

"ಕೇಳಿದ್ರೆ ತೆಗೀತಾರೆ. ನಿಂಗೆ ಕೇಳೋಕೆ ಸಂಕೋಚ," ಎಂದು ಟೀಚರಮ್ಮ ಮಗುವಿನ ಕಡೆ ಬಗ್ಗಿದರು. "ಅಯ್ಯೋ, ಸುಂಯ್ ಅಂತಿದೆಯಲ್ಲೋ."

"ನನಗೇನೂ ಆಗಿಲ್ಲ," ಎಂದಳು ಮಗಳು.

"ಪಾಪ, ಹೇಳಿಕೊಳ್ಳಲ್ಲ," ಎಂದರು ಟೀಚರಮ್ಮ. ಮೇಸ್ತ್ರಿಯ ಎದೆ ಇನ್ನಷ್ಟು ಬಿಗಿಯಿತು.

ವಿಮಾನ ನಿಲ್ದಾಣದಲ್ಲಿ ಎಲ್ಲರ ಚೀಲಗಳೂ ತಪಾಸಣೆಯ ಪೆಟ್ಟಿಗೆಯೊಳಗೆ ಹೊಕ್ಕು ಸಂಭಾವಿತರಂತೆ ಹೊರಬಂದವು. ಮೇಸ್ತ್ರಿಯ ಚೀಲ ಮಾತ್ರ ಒಳಗೇ ನಿಂತಿತು. ಪರದೆ ನೋಡುತ್ತಿದ್ದವನು ಪಕ್ಕದವನನ್ನು ಕರೆದ, ಪಕ್ಕದವನು ಅಧಿಕಾರಿಯನ್ನು ಕರೆದ. ಅಧಿಕಾರಿ ಎರಡು ಬೆರಳಿನಲ್ಲಿ ಮೆಷಿನ್ ಎತ್ತಿ ಮೇಜಿನ ಮೇಲಿಟ್ಟ. ಟ್ಯೂಬು, ಸೆಲ್ಲು, ಕೆಂಪು ಟೇಪು, ವೈರು. ಹಿಂದಿದ್ದ ಸಾಲು ಒಂದೇ ಹೆಜ್ಜೆಗೆ ಎರಡು ಮಾರು ದೂರ ಸರಿಯಿತು.

"ಏನಿದು?"

"ಮಗು ಉಸಿರಾಡೋ ಮೆಷಿನ್ ಸಾರ್. ಡಾಕ್ಟ್ರ ಚೀಟಿ ಇದೆ."

ಅಧಿಕಾರಿ ಚೀಟಿ ಓದಿದ. "ಇದರಲ್ಲಿ ಸೈಕಲ್ ಟ್ಯೂಬಿನ ವಿಷಯ ಇಲ್ಲವಲ್ಲ?"

"ಅದು ನಾನು ಸರ್ವಿಸ್ ಮಾಡಿದ್ದು."

"ಇಲ್ಲೇ ಬಿಟ್ಟುಹೋಗಿ."

"ಬಿಟ್ಟುಹೋದ್ರೆ ಮಗು ಗತಿ? ಮೇಲೆ ಹೋದಾಗ ಉಸಿರು ಕಟ್ಟಿದ್ರೆ ನೀವು ಬರ್ತೀರಾ ಸಾರ್?"

ಅಧಿಕಾರಿ ಮಗುವನ್ನು ನೋಡಿದ. ಅವಳು ಒಂಟಿಕಾಲಲ್ಲಿ ನೆಲದ ಚೌಕಗಳನ್ನು ದಾಟುತ್ತಾ ಹಾಡು ಹೇಳಿಕೊಳ್ಳುತ್ತಿದ್ದಳು. "ಚೆನ್ನಾಗೇ ಇದ್ದಾಳಲ್ರೀ."

"ನೋಡೋದಲ್ಲ ಸಾರ್, ಕೇಳಬೇಕು. ಹತ್ತಿರ ಬನ್ನಿ." ಮೇಸ್ತ್ರಿ ಮಗಳನ್ನು ಎತ್ತಿ ಎದೆಗವಚಿಕೊಂಡ. ಹೆದರಿಕೆಗೆ ಅವನ ಉಸಿರು ಕಿತ್ತುಕೊಂಡು ಬರುತ್ತಿತ್ತು. ಅಧಿಕಾರಿ ಬಗ್ಗಿದ. ಸುಂಯ್, ಸುಂಯ್.

"ನಂಗೂ ಕೇಳಿಸ್ತು," ಎಂದ ಸಾಲಿನಲ್ಲಿದ್ದ ಒಬ್ಬ.

"ಇಲ್ಲೀವರೆಗೂ ಕೇಳುತ್ತೆ. ಕರುಣೆ ಬೇಡ್ವೇನ್ರೀ?" ಎಂದಳು ಅವನ ಹಿಂದಿದ್ದವಳು. ಬಾಂಬೆಂದು ಓಡಲು ನಿಂತಿದ್ದವರೆಲ್ಲ ಈಗ ಮಗುವಿನ ನೆಂಟರಾದರು.

ನಿಲ್ದಾಣದ ಡಾಕ್ಟರನ್ನು ಕರೆಸಿದರು. ಬಂದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವಿನ ಎದೆಗೆ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು.

"ಎದೆ ಕನ್ನಡಿ ಹಾಗಿದೆ."

"ಸದ್ದು ನಮಗೆಲ್ಲಾ ಕೇಳುತ್ತೆ ಡಾಕ್ಟ್ರೇ," ಎಂದ ಮೇಸ್ತ್ರಿ. "ಕಿವಿ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲೋ ಏರ್ ಲೀಕ್ ಇದೆ."

ಡಾಕ್ಟರು ಅವನನ್ನೇ ನೋಡಿದಳು. "ನೀವು ಸ್ವಲ್ಪ ಉಸಿರು ಹಿಡ್ಕೊಳ್ಳಿ."

ಹಿಡಿದ. ಸಾಲಿಗೆ ಸಾಲೇ ಕಿವಿಗೊಟ್ಟಿತು. ಸದ್ದಿಲ್ಲ.

"ಈಗ ಬಿಡಿ."

ಸುಂಯ್.

ಎಲ್ಲರ ಕಣ್ಣೂ ಮಗುವಿನಿಂದ ಮೇಸ್ತ್ರಿಯ ಕಡೆ ಹೊರಳಿತು. "ನನಗೇನೂ ಆಗಿಲ್ಲ ಅಂತ ನಾನು ಆಗಲೇ ಹೇಳಿದೆ," ಎಂದಳು ಮಗಳು.

"ನಿಮಗೆ ಉಬ್ಬಸ. ಗ್ಯಾರೇಜಿನ ಹೊಗೆ, ಧೂಳು ಕೆರಳಿಸಿರುತ್ತೆ," ಎಂದಳು ಡಾಕ್ಟರು. "ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?"

"ನಮ್ಮ ವಂಶದಲ್ಲಾ?" ಎಂದವನು ಅಲ್ಲಿಗೇ ತಡೆದ. ಅವನ ಅಪ್ಪ ರಾತ್ರಿಯೆಲ್ಲ ಎದ್ದು ಕೂತು ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು. ಅಪ್ಪನಿಗೆ ಸಂಗೀತದ ಹುಚ್ಚು ಎಂದು ಮನೆಮಂದಿಯೆಲ್ಲ ಹೆಮ್ಮೆಪಟ್ಟುಕೊಂಡಿದ್ದರು.

ಟ್ಯೂಬು, ಸೆಲ್ಲುಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು. ಮೆಷಿನ್ ಗುರ್ ಎಂದಿತು. ದೊಡ್ಡವರ ಮಾಸ್ಕ್ ಇಲ್ಲದ್ದರಿಂದ ಮಗಳ ಕರಡಿಮೋರೆಯ ಮಾಸ್ಕನ್ನೇ ಮೀಸೆಯ ಮೇಲೆ ಒತ್ತಿ ಹಿಡಿದರು. ಹಬೆ ಮುಗಿದ ಮೇಲೆ ಡಾಕ್ಟರು ಮತ್ತೆ ಕೇಳಿ ನೋಡಿದಳು. "ಸುಮಾರಾಗಿ ಇಳಿದಿದೆ. ಹೋಗಬಹುದು. ಅಲ್ಲಿ ಇಳಿದ ತಕ್ಷಣ ಡಾಕ್ಟರಿಗೆ ತೋರಿಸಿ. ಇವರನ್ನ ನೋಡ್ಕೊಳ್ಳೋರು ಜೊತೇಲಿದ್ದಾರಾ?"

"ನಾನಿದ್ದೀನಿ," ಎಂದು ಮಗಳು ಕೈ ಎತ್ತಿದಳು.

ಲಾರಿ ಇಂಜಿನ್ ಇಳಿಸುವವನನ್ನು ಗಾಲಿಕುರ್ಚಿಯಲ್ಲಿ ವಿಮಾನಕ್ಕೆ ತಳ್ಳಿಕೊಂಡು ಹೋದರು. ತೊಡೆಯ ಮೇಲೆ ಮೆಷಿನ್, ಮೆಷಿನ್ ಮೇಲೆ ಕರಡಿ. ಮಗಳು ಪಕ್ಕದಲ್ಲೇ ನಡೆಯುತ್ತಾ ಎದುರಾದವರಿಗೆಲ್ಲ, "ದಾರಿ ಬಿಡಿ, ನಮ್ಮಪ್ಪಂಗೆ ಹುಷಾರಿಲ್ಲ," ಎನ್ನುತ್ತಿದ್ದಳು.

ವಿಮಾನ ಮೇಲೇರಿದ ಮೇಲೆ ಅವನು ಮೆಲ್ಲಗೆ ಕೇಳಿದ. "ಪುಟ್ಟಾ, ಅಜ್ಜಿಗೆ ಹೇಳ್ತೀಯಾ?"

ಮಗಳು ಯೋಚಿಸಿದಳು. "ರಾತ್ರಿ ಬಂದು ನನ್ನ ಎದೆ ಮೇಲೆ ಕಿವಿ ಇಡಬಾರದು. ಮೆಷಿನ್ ಬಿಚ್ಚಬಾರದು. ಕಿಟಕಿ ಸೀಟು ಯಾವಾಗಲೂ ನಂದು. ಹಾಗಾದ್ರೆ ಹೇಳಲ್ಲ."

ಇಳಿದಾಗ, ಹೆಂಡತಿಯ ಕಣ್ಣಿಗೆ ಬೀಳುವ ಮುಂಚೆಯೇ ಅವನು ಗಾಲಿಕುರ್ಚಿಯಿಂದ ಹಾರಿ ಎದ್ದಿದ್ದ. "ಪರವಾಗಿಲ್ವೇ, ಒಬ್ಬರೇ ಕರ್ಕೊಂಡು ಬಂದ್ರಿ," ಎಂದು ಅವಳು ನಕ್ಕಳು. ಹೊರಗೆ ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ, ಅಂದೇ ಆಸ್ಪತ್ರೆಯಿಂದ ಬಿಡುಗಡೆಯಾದ ಅತ್ತೆ ಕಾಲು ಚಾಚಿ ಕೂತಿದ್ದರು. ಎಲ್ಲರೂ ಹತ್ತಿದರು. ಕಿಟಕಿಗಳು ಮುಚ್ಚಿದವು. ಕಾರಿನೊಳಗೆ ಸೂಜಿ ಬಿದ್ದರೂ ಕೇಳುವಷ್ಟು ಮೌನ.

ಸುಂಯ್.

ಅತ್ತೆ ಕತ್ತು ತಿರುಗಿಸಿದರು. "ಏನದು ಸದ್ದು, ಅಳಿಯಂದ್ರೇ?"

"ಗಾಡಿದು ಅತ್ತೆ. ಏರ್ ಲೀಕ್."

"ಹೊಸ ಗಾಡಿ ಸಾರ್," ಎಂದ ಡ್ರೈವರು, ಮುಖ ಊದಿಸಿಕೊಂಡು. "ನಾನು ಕಿವಿ ಕೊಟ್ಟಿರ್ತೀನಿ. ಇನ್ನೊಂದು ಸಲ ಬಂದ್ರೆ ನಿಲ್ಲಿಸಿ ನೋಡಿಬಿಡೋಣ."

ಮಗಳು ಅಪ್ಪನ ಮೀಸೆಯನ್ನೊಮ್ಮೆ ನೋಡಿ ತುಟಿ ಬಿಗಿದುಕೊಂಡು ಕಿಟಕಿಯ ಕಡೆ ತಿರುಗಿದಳು. ಡಾಕ್ಟರಿಗೆ ನಾಳೆ ಕದ್ದು ತೋರಿಸಿದರಾಯಿತು, ನಡೆದದ್ದನ್ನು ಮಾತ್ರ ಸಾಯುವವರೆಗೂ ಯಾರಿಗೂ ಹೇಳಕೂಡದು ಎಂದು ಮೇಸ್ತ್ರಿ ಆ ಕ್ಷಣವೇ ನಿರ್ಧರಿಸಿದ. ಅದಕ್ಕೆ ಸದ್ಯ ಮಾಡಬೇಕಾದದ್ದು ಇಷ್ಟೇ, ಮನೆ ತಲುಪುವವರೆಗೆ ಉಸಿರಾಡಬಾರದು. ಮನೆ ಅಲ್ಲಿಂದ ಒಂದು ಗಂಟೆಯ ದಾರಿ.