ನಲವತ್ತೊಂದರಲ್ಲಿ ನನ್ನವು ಐದು

ಸಂಶೋಧಕರ ಎಡವಟ್ಟುಗಳೆಲ್ಲ ಪ್ರಯೋಗಶಾಲೆಯಲ್ಲಿ ಆಗುತ್ತವೆ ಎಂದು ಜನ ತಿಳಿದಿದ್ದಾರೆ. ನನಗೆ ಪ್ರಯೋಗಶಾಲೆಯಲ್ಲಿ ಹೆಚ್ಚೇನೂ ಆಗಲಿಲ್ಲ. ಆದದ್ದೆಲ್ಲ ಅದರ ಬಾಗಿಲು ದಾಟಿದ ಮೇಲೆ.

ಎಪ್ಪತ್ತರ ದಶಕದ ಕೊನೆ. ಮಣಿಪಾಲದ ಒಂದು ಸಣ್ಣ ಸಂಶೋಧನಾಲಯದಲ್ಲಿ ನಾನು ಇಮ್ಯುನಾಲಜಿ ವಿಭಾಗದ ರೀಡರ್. ದೇಹವು ರೋಗವನ್ನು ಹೇಗೆ ಎದುರಿಸುತ್ತದೆ ಎಂಬುದು ಆ ಶಾಸ್ತ್ರದ ವಿಷಯ. ಪ್ರೊಫೆಸರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಆ ಹುದ್ದೆಯಲ್ಲೇ ಹನ್ನೊಂದು ವರ್ಷದಿಂದ ಇದ್ದೆ. ಪ್ರೊಫೆಸರ್ ಹುದ್ದೆಯೊಂದು ಖಾಲಿಯಾಯಿತು. ಅಭ್ಯರ್ಥಿಯ ಪ್ರಬಂಧಗಳನ್ನು ಹೊರಗಿನ ವಿಜ್ಞಾನಿಗಳು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ನೋಡಿ ಅದನ್ನು ಕೊಡುವುದೆಂದು ಆಡಳಿತದವರು ತೀರ್ಮಾನಿಸಿದರು.

ಹಂಗೇರಿಯ ಕಾರ್ಡು

ಆಗ ಝೆರಾಕ್ಸ್ ಅಪರೂಪ. ಪ್ರಬಂಧದ ಪ್ರತಿ ಬೇಕಾದವರು ಲೇಖಕನಿಗೇ ಪೋಸ್ಟ್‌ಕಾರ್ಡ್ ಬರೆಯುತ್ತಿದ್ದರು. ಓದಿದವರು ನಾಳೆ ಉಲ್ಲೇಖಿಸಿಯಾರು ಎಂಬ ಆಸೆ; ಒಂದು ಕಾರ್ಡೂ ಕಚೇರಿಯಲ್ಲಿ ತಪ್ಪಿಹೋಗಬಾರದೆಂದು ನಾನು ಕಾಪುವಿನ ಮನೆಯ ವಿಳಾಸ ಕೊಟ್ಟಿದ್ದೆ. ನಮ್ಮ ಪೋಸ್ಟ್‌ಮ್ಯಾನ್ ಕಾರ್ಡುಗಳನ್ನು ಓದಿಯೇ ಕೊಡುವವರು.

ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ ಅಷ್ಟೂ ಜನರ ಎದುರು ಸೈಕಲ್ ನಿಲ್ಲಿಸಿದರು. "ಡಾಕ್ಟ್ರೆ, ಆ ಹಂಗೇರಿಯವರು ಕೇಳಿದ್ದನ್ನು ಕಳಿಸಿದ್ರಾ? ಪಾಪ, ಎರಡನೇ ಸಲ ಬರೆದಿದ್ದಾರೆ. ಪ್ಲೀಸ್ ಅಂತಲೂ ಉಂಟು."

"ಪ್ರತಿಗಳು ಮುಗಿದಿವೆ," ಎಂದೆ.

ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲದಿದ್ರೆ ಇಲ್ಲ ಅಂತ ಒಂದು ಕಾರ್ಡ್ ಹಾಕ್ಲಿಕ್ಕೆ ಎಂತ? ಓದಿದವರು ಹೀಗೆ ಸತಾಯಿಸ್ಬಾರ್ದು."

ಆ ಸಂಜೆಯೇ ಹಾಕಿದೆ.

ಕೃತಜ್ಞತೆ

ನಮ್ಮ ಪರೀಕ್ಷೆಗಳಿಗೆ ಕುರಿಯ ರಕ್ತ ಬೇಕು. ನಮ್ಮ ಕಡೆಯ ಮಳೆಗೆ ಕುರಿ ಬಾಳುವುದಿಲ್ಲ. ಘಟ್ಟದ ಮೇಲಿಂದ ಒಂದನ್ನು ತರಿಸಿ, ನಮ್ಮ ವಿಭಾಗದ ಹಿರಿಯ ಅಟೆಂಡರ್, ಅಜೆಕಾರು ಊರಿನವರೊಬ್ಬರಿಗೆ ಒಪ್ಪಿಸಿದೆ. ವಾರಕ್ಕೊಮ್ಮೆ ಅವರು ಅದನ್ನು ಹಿಡಿದುಕೊಳ್ಳಬೇಕು, ನಾನು ರಕ್ತ ತೆಗೆಯಬೇಕು. ಪ್ರಬಂಧ ಅಚ್ಚಾಗಿ ಬಂದ ದಿನ ಅವರು ಕೇಳಿದರು, "ಇದರಲ್ಲಿ ನನ್ನ ಹೆಸರು ಎಲ್ಲಿ ಉಂಟು ಸಾರ್?"

"ಇಲ್ಲ."

"ಒದೆ ತಿಂದದ್ದು ಮಾತ್ರ ನಾನು, ಅಲ್ವಾ?"

ಮಾತು ನ್ಯಾಯವಾದದ್ದು. ಮುಂದಿನ ಪ್ರಬಂಧದ ಕೊನೆಯಲ್ಲಿ ಹೆಸರು ಹಾಕಿ ಕೃತಜ್ಞತೆ ಹೇಳಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಕೊನೆಯವರೆಗೆ ಹೋದರು. ಆಮೇಲೆ ತಲೆಯೆತ್ತಿದರು.

"ಕುರಿಯದ್ದು?"

ಲೈಬ್ರರಿಯನ್ನರ ಔದಾರ್ಯ

ಯಾರನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತಿಳಿಸುವ ದಪ್ಪ ಸಂಪುಟಗಳು ಹಡಗಿನಲ್ಲಿ ಬರುತ್ತಿದ್ದವು. ಅಕ್ಷರ ಸಾಸಿವೆಗಿಂತ ಸಣ್ಣದು. ಲೈಬ್ರರಿಯನ್ನರು ಭೂತಗನ್ನಡಿ ಹಿಡಿದು ಎರಡು ದಿನ ಕುಳಿತು, "ಸಾರ್, ನಿಮ್ಮದು ನಲವತ್ತೊಂದು!" ಎಂದು ಕೂಗಿದರು. ಲೈಬ್ರರಿಯಲ್ಲಿ ಕೂಗಬಾರದೆಂದು ಹೇಳಿ ನಾನೇ ಪರಿಶೀಲಿಸಿದೆ.

ನನ್ನ ಹೆಸರು ಕೆ. ಸದಾಶಿವ. ನಮ್ಮಲ್ಲಿ ಮೊದಲಕ್ಷರ ಊರಿನದ್ದು, ಕೆ. ಎಂದರೆ ಕಾಪು. ಆದರೆ ಕಾರ್ಕಳ, ಕಟಪಾಡಿ, ಕುಂದಾಪುರಗಳಲ್ಲೂ ಸದಾಶಿವರಿಗೆ ಬರಗಾಲವಿಲ್ಲ, ಸಂಪುಟದಲ್ಲಿ ಎಲ್ಲರೂ ಒಂದೇ ಹೆಸರಿನಡಿ. ನಲವತ್ತೊಂದರಲ್ಲಿ ಒಬ್ಬರು ಸೇತುವೆ ಕಟ್ಟುತ್ತಿದ್ದರು, ಒಬ್ಬರು ದನಗಳ ಆಹಾರದವರು. ಎಲ್ಲ ಹೊಡೆದು ಹಾಕಿದೆ. ಉಳಿದದ್ದು ಏಳು.

"ಪುಸ್ತಕದವರೇ ಕೊಟ್ಟಿದ್ದಾರೆ ಸಾರ್, ಇಟ್ಕೊಳ್ಳಿ," ಎಂದರು ಲೈಬ್ರರಿಯನ್ನರು.

ಏಳರಲ್ಲಿ ಎರಡು ಕಡೆ ನನ್ನನ್ನು ಉಲ್ಲೇಖಿಸಿದವನು ನಾನೇ. ಅವನ್ನೂ ಹೊಡೆದೆ. ಐದರಲ್ಲಿ ಒಬ್ಬರು, ಸದಾಶಿವರ ಫಲಿತಾಂಶ ಎಷ್ಟು ಪ್ರಯತ್ನಿಸಿದರೂ ನಮಗೆ ಸಿಗಲಿಲ್ಲ ಎಂದು ಬರೆದಿದ್ದರು.

"ಇದನ್ನೂ ತೆಗೀಲಿಕ್ಕುಂಟಾ?"

"ಇಲ್ಲ. ಬೈದದ್ದು ನನಗೇ."

ಸಂದರ್ಶನ

ಹುದ್ದೆಗೆ ಇನ್ನೊಬ್ಬರೂ ಅರ್ಜಿ ಹಾಕಿದ್ದರು. ಬಯೋಕೆಮಿಸ್ಟ್ರಿಯವರು, ಊರು ಕಾರ್ಕಳ, ಹೆಸರು ಕೆ. ಸದಾಶಿವ. ಸಮಿತಿಯ ಅಧ್ಯಕ್ಷರು ಎರಡು ಅರ್ಜಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, "ಅವರದ್ದು ನಲವತ್ತೊಂದು. ನಿಮ್ಮದು ಐದು," ಎಂದರು.

"ಅವರ ನಲವತ್ತೊಂದರಲ್ಲಿ ನನ್ನ ಐದೂ ಇವೆ. ಒಂದು ಸೇತುವೆಯೂ ಇದೆ," ಎಂದೆ.

ಕಾರ್ಕಳದವರನ್ನು ಒಳಗೆ ಕರೆಸಿದರು. ಅವರು ಸ್ವಲ್ಪವೂ ಅಳುಕಲಿಲ್ಲ. "ಹೌದು ಸಾರ್. ಎಲ್ಲ ನಮ್ಮ ಕಡೆಯವರದ್ದೇ ಅಲ್ವಾ? ನಾನು ಭೇದ ಮಾಡ್ಲಿಕ್ಕೆ ಹೋಗ್ಲಿಲ್ಲ." ನನ್ನತ್ತ ತಿರುಗಿ ಬೇಸರದಿಂದ ಹೇಳಿದರು, "ನೀವೂ ನಲವತ್ತೊಂದು ಬರೆದಿದ್ರೆ ಇಬ್ಬರೂ ಸಮ ಆಗ್ತಿದ್ದೆವು ಮಾರಾಯ್ರೆ. ಎಂತಕ್ಕೆ ಹೀಗೆ ಮಾಡಿದ್ರಿ?"

ಅಧ್ಯಕ್ಷರು ಕನ್ನಡಕ ತೆಗೆದರು. "ತನ್ನ ಸಂಖ್ಯೆಯನ್ನು ತಾನೇ ಇಳಿಸಿಕೊಂಡ ಅಭ್ಯರ್ಥಿಯನ್ನು ನಾನು ಈವರೆಗೆ ನೋಡಿಲ್ಲ. ಇಂಥವರು ಸಂಸ್ಥೆಗೆ ಬೇಕು."

ನಾನು ನೆಟ್ಟಗೆ ಕುಳಿತೆ.

ವಾರದೊಳಗೆ ಆದೇಶ ಬಂತು. ಅರ್ಹರಿಲ್ಲದ ಕಾರಣ ಹುದ್ದೆಯನ್ನು ಖಾಲಿ ಇಡಲಾಗಿದೆ. ಇನ್ನು ಮುಂದೆ ಎಲ್ಲ ಅಭ್ಯರ್ಥಿಗಳ ಉಲ್ಲೇಖಗಳನ್ನು ಪರಿಶೀಲಿಸುವ ಜವಾಬ್ದಾರಿ ನನ್ನದು.

ಆರು ವರ್ಷ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ಆ ಆರು ವರ್ಷ ನಮ್ಮಲ್ಲಿ ಯಾರೂ ಪ್ರೊಫೆಸರ್ ಆಗಲಿಲ್ಲ. ನನ್ನ ಅರ್ಜಿಯನ್ನು ಎರಡು ಸಲ ನಾನೇ ತಿರಸ್ಕರಿಸಿದೆ.